ಕೋಡಿನ ಮೇಲೆ ಸೆರಗು

ನಿಪ್ಪಾಣಿಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಅಲ್ಲಿ ನಾನು ವರಾಂಡದ ಈ ತುದಿಯಲ್ಲಿ ಕಾಣಿಸಿಕೊಂಡರೆ ಆ ತುದಿಯ ಗದ್ದಲ ತಾನಾಗಿ ನಿಲ್ಲುತ್ತದೆ. ಸಂಜೆ ಬಸ್ಸಿಳಿದು ಭೋಜದ ನಮ್ಮ ಮನೆಯ ಹೊಸ್ತಿಲು ದಾಟಿದ ಮೇಲೆ ಕತೆ ಬೇರೆ. ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಪಡಸಾಲೆಯಲ್ಲಿ ಒಮ್ಮೆ ಕೆಮ್ಮಿದರೆ ಸಾಕು, ನಾನು ಸೆರಗು ಹೊದ್ದು ಅಡುಗೆಮನೆ ಸೇರುತ್ತೇನೆ. ಅವರು ಹೆದರಿಸಲೆಂದು ಕೆಮ್ಮುತ್ತಾರೆ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಆಮೇಲೆ ನೋಡಿದರೆ ಅವರಿಗೆ ನಿಜವಾಗಿಯೂ ಕೆಮ್ಮು.

ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಮುಂದೆ ಹಾಯುವುದಿಲ್ಲ, ಅವರೊಡನೆ ನೇರವಾಗಿ ಮಾತಾಡುವುದೂ ಇಲ್ಲ. ಹೇಳುವುದಿದ್ದರೆ ನಡುವೆ ಒಬ್ಬರು ಬೇಕು. ಅತ್ತೆ ಇದ್ದರೆ ಅತ್ತೆ, ಭಾವನ ಮಗಳಿದ್ದರೆ ಮಗಳು, ಯಾರೂ ಸಿಗದಿದ್ದರೆ ಬೆಕ್ಕು. "ತಾಟ ಹಾಕೇನಿ, ಊಟಕ್ಕ ಬರ್ರಿ ಅಂತ ಹೇಳವಾ" ಎಂದು ನಾನು ಬೆಕ್ಕಿಗೆ ಹೇಳಿದ್ದುಂಟು. "ಈಗ ಹಸಿವಿಲ್ಲ ಅಂತ ಹೇಳು" ಎಂದು ಭಾವ ಅದೇ ಬೆಕ್ಕಿಗೆ ಹೇಳಿ ಕಳಿಸಿದ್ದೂ ಉಂಟು. ಭಾವ ಕೆಟ್ಟವರಲ್ಲ, ಒಂದು ಕಾಲಕ್ಕೆ ಹೆಸರು ಮಾಡಿದ ಪೈಲ್ವಾನರು, ನನ್ನ ಸಂಬಳಕ್ಕೆ ಎಂದೂ ಕೈ ಚಾಚಿದವರಲ್ಲ. ಆದರೆ ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಅವರ ಮುಖ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಪಾದ ಮಾತ್ರ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಮಳೆಗಾಲದಲ್ಲಿ ದೂಧಗಂಗಾ, ವೇದಗಂಗಾ ಎರಡೂ ತುಂಬಿ ಬಂದವು. ಸೇತುವೆ ಮುಳುಗಿತು, ಶಾಲೆಗೆ ರಜೆ ಬಿತ್ತು, ಕಬ್ಬಿನ ಹೊಲದಲ್ಲಿ ಮೊಣಕಾಲು ನೀರು ನಿಂತಿತು. ಕರೆಂಟು ಹೋಯಿತು, ಅದರ ಹಿಂದೆ ಮೊಬೈಲಿನ ಸಿಗ್ನಲ್ಲೂ ಹೋಯಿತು. ಭಾವನ ಹೆಂಡತಿ ರಾಯಬಾಗದ ತವರಿಗೆ ಹೋದವರು ಅಲ್ಲೇ ಉಳಿದರು. ನನ್ನ ನಾದಿನಿಯ ಮಾವ, ಬೋರಗಾಂವದಲ್ಲಿ ಪವರ್‌ಲೂಮ್ ಇಟ್ಟವರು, ಸುಮ್ಮನೆ ಮಾತಾಡಿಸಿ ಹೋಗಲು ಬಂದಿದ್ದವರು ನಮ್ಮಲ್ಲೇ ಸಿಕ್ಕಿಬಿದ್ದರು. ಬೀಗರೆಂದ ಮೇಲೆ ಮುಗಿಯಿತು, ಹೊತ್ತೊತ್ತಿಗೆ ಬಿಸಿ ರೊಟ್ಟಿ, ಎರಡು ಪಲ್ಯ, ಗಂಟೆಗೊಂದು ಚಹಾ. ಮಾಡುವವಳು ನಾನೊಬ್ಬಳೇ. ಮಳೆ ಯಾರಿಗೆ ರಜೆ ಕೊಟ್ಟಿತೋ ಗೊತ್ತಿಲ್ಲ, ನನಗಂತೂ ಕೊಡಲಿಲ್ಲ.

ಗಂಡಸರು ಒಂದು ದಿನ ಮಳೆ ನೋಡಿದರು. ಮರುದಿನ ಮಳೆಯನ್ನು ಬೈದರು. ಅದರ ಮರುದಿನ ಒಬ್ಬರನ್ನೊಬ್ಬರು ಬೈಯಲು ಶುರುಮಾಡಿದಾಗ ಭಾವನ ಮಗಳು ತನ್ನ ಚೀಲದಿಂದ ಒಂದು ಗಂಟು ತೆಗೆದಳು. ಅವಳು ಕೊಲ್ಲಾಪುರದಲ್ಲಿ ಓದುತ್ತಾಳೆ, ಸೇತುವೆ ಮುಳುಗುವ ಮುಂಚಿನ ಕೊನೆಯ ಬಸ್ಸಿಗೆ ಬಂದಿದ್ದಳು. ಗಂಟಿನಲ್ಲಿ ಬಣ್ಣಬಣ್ಣದ ದಾಳಗಳಿದ್ದವು. ಒಂದಕ್ಕಂತೂ ಇಪ್ಪತ್ತು ಮುಖ.

"ಕವಡಿ ಇಲ್ಲೇನು?" ಎಂದರು ಭಾವ.

"ಇದು ಚೌಕಾಬಾರಾ ಅಲ್ಲಪ್ಪಾ. ಇದರಾಗ ಒಬ್ಬೊಬ್ಬರೂ ಒಂದೊಂದು ಪಾತ್ರ ಆಗಬೇಕು. ನಾ ಕತಿ ಹೇಳ್ತೇನಿ, ನಿಮ್ಮ ಪಾತ್ರ ಏನು ಮಾಡ್ತೈತಿ ಅಂತ ನೀವು ಹೇಳ್ಬೇಕು. ಆಗೂದೋ ಬಿಡೂದೋ ದಾಳ ಹೇಳ್ತೈತಿ. ರಾಕ್ಷಸರೆಲ್ಲಾ ನನ್ನ ಕಡೆ."

ಭಾವ ಆ ಕ್ಷಣವೇ ಮಲ್ಲನಾದರು. ಬೀಗರು ಕತ್ತಿ ಹಿಡಿದ ವ್ಯಾಪಾರಿಯಾದರು. ನನ್ನ ಗಂಡ ದೂರದಿಂದ ಹೊಡೆಯಬಹುದು ಎಂಬ ಒಂದೇ ಕಾರಣಕ್ಕೆ ಬಿಲ್ಲುಗಾರನಾದರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದೆ. ಹುಡುಗಿ ನನ್ನ ಕಡೆ ತಿರುಗಿ, "ಕಾಕೂ, ನೀವೂ ಬರ್ರಿ" ಎಂದಳು.

ನನ್ನ ಬಾಯಿಂದ ಉತ್ತರ ಬರುವ ಮೊದಲೇ ಬೀಗರು ಹೇಳಿದರು: "ಟೀಚರ ಬಾಯಾರ ವೈದ್ಯೆ ಆಗ್ಲಿ. ನಮಗ ಗಾಯ ಆದ್ರ ಮದ್ದ ಹಚ್ಚಾಕ ಯಾರರ ಬೇಕಲ್ಲ."

"ಹೌದಲ್ಲ" ಎಂದರು ನನ್ನ ಗಂಡ.

"ಹಿಂದ ಇದ್ರ ಪೆಟ್ಟೂ ಬೀಳೂದಿಲ್ಲ" ಎಂದರು ಅತ್ತೆ. ಅವರು ಆಟಕ್ಕೆ ಸೇರಿರಲಿಲ್ಲ, ಆದರೆ ನಮ್ಮ ಮನೆಯಲ್ಲಿ ಸಲಹೆ ಕೊಡಲು ಆಟಕ್ಕೆ ಸೇರಬೇಕೆಂದೇನೂ ಇಲ್ಲ.

ನನಗೆ ಸಿಟ್ಟು ಬಂತು. ಬೆಳಗಿನಿಂದ ಐದು ಜನರ ಹೊಟ್ಟೆ ನೋಡಿಕೊಂಡಿದ್ದೆ, ಈಗ ಇವರ ಸುಳ್ಳು ಗಾಯಕ್ಕೂ ನಾನೇ ಮದ್ದು ಅರೆಯಬೇಕಂತೆ. ಸುಳ್ಳಿನ ಲೋಕದಲ್ಲಾದರೂ ನನಗೊಂದು ಬೇರೆ ಕೆಲಸ ಬೇಡವೇ? ಬಳ್ಳೊಳ್ಳಿಯ ಮೊರ ಬದಿಗಿಟ್ಟು ಹುಡುಗಿಯನ್ನು ಕೇಳಿದೆ, "ಇದರಾಗ ಎಲ್ಲಾರಕಿಂತ ಮುಂದ ನಿಂತು, ಎದರಾ ಎದರ ಹೊಡ್ಯೂದು ಯಾವುದು ಐತಿ?"

ಅವಳ ಕಣ್ಣು ಅರಳಿತು. "ಡ್ರ್ಯಾಗನ್ ವಂಶದ ಯೋಧೆ ಆಗ್ರಿ ಕಾಕೂ. ಮೈಮ್ಯಾಲ ಮೀನಿನಂಗ ಹುರುಪಿ, ತಲಿಮ್ಯಾಲ ಕೋಡು, ಬಾಯಾಗ ಬೆಂಕಿ."

"ಅದ ಇರ್ಲಿ" ಎಂದೆ. ಆ ಆಟದಲ್ಲಿ ನನಗೆ ಬೇಕಾದದ್ದು ಅದೊಂದೇ, ಮುಂದೆ ನಿಲ್ಲುವುದು. ಗೆಲ್ಲುವುದೂ ಬೇಡ, ಬದುಕುವುದೂ ಬೇಡ. ಯಾರ ಬೆನ್ನೂ ಕಾಣದ ಜಾಗದಲ್ಲಿ ಒಂದು ಸಲ ನಿಲ್ಲಬೇಕು.

ನನ್ನ ಗಂಡನಿಗೆ ಡ್ರ್ಯಾಗನ್ ಎಂದರೆ ಹಣ್ಣು. "ಅಥಣಿ ಕಡೆ ನಮ್ಮ ಗೆಳ್ಯಾ ಹಚ್ಯಾನ. ಕಂಬಕ್ಕ ಭಾಳ ಖರ್ಚು" ಎಂದರು. ಹುಡುಗಿ ಚಿತ್ರ ಬರೆದು ತೋರಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಉಡ ಇದ್ದಂಗ ಐತೆಲ್ಲ" ಎಂದರು. ಮತ್ತೆ ಸ್ವಲ್ಪ ಹೊತ್ತು ನೋಡಿ, "ಯಾರ ಪೈಕಿ ಇವರು?" ಎಂದು ಕೇಳಿದರು.

ಅದು ಒಳ್ಳೆಯ ಪ್ರಶ್ನೆಯೇ ಆಗಿತ್ತು, ಯಾಕೆಂದರೆ ಆಟದಲ್ಲಿ ನಿಜವಾಗಿಯೂ ವಂಶ ಆರಿಸಬೇಕಿತ್ತು. ಕೆಂಪು ವಂಶದ್ದಾದರೆ ಬಾಯಲ್ಲಿ ಬೆಂಕಿ, ನೀಲಿಯದ್ದಾದರೆ ಸಿಡಿಲು, ಬಿಳಿಯದ್ದಾದರೆ ಹಿಮ. ನಾನು ಕೆಂಪು ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅತ್ತೆ, ಸೀರೆ ಅಂಗಡಿಯಲ್ಲಿ ಕೂತವರಂತೆ, ಒಂದೊಂದನ್ನೇ ಸರಿಸಿಬಿಟ್ಟರು. "ಕೆಂಪ ಮಾಸ್ತೈತಿ. ಕರೀದು ಬ್ಯಾಡ. ಬಿಳೀದು ನಾ ಇರೂತನಕ ಆಗೂದಿಲ್ಲ. ಹಸರು ತಗೋ. ಮುತ್ತೈದಿಗೆ ಹಸರಿನಷ್ಟು ಶುಭ ಯಾವುದೂ ಇಲ್ಲ."

"ಆಯಿ, ಹಸರ ಡ್ರ್ಯಾಗನ್ ಬಾಯಾಗ ವಿಷದ ಹೊಗಿ ಇರ್ತೈತಿ" ಎಂದಳು ಹುಡುಗಿ.

"ಇರ್ಲಿ ಬಿಡ. ಹಸರು ಹಸರಽ."

ನಾನು ಬಾಯಿ ಮುಚ್ಚಿಕೊಂಡು ಒಪ್ಪಿದೆ. ಅತ್ತೆ ತಾವಾಗಿ ಸೊಸೆಯ ಬಾಯಿಗೆ ವಿಷ ಆರಿಸಿ ಕೊಡುವಾಗ ಬೇಡವೆನ್ನುವಷ್ಟು ದಡ್ಡಿ ನಾನಲ್ಲ.

ಮುಂದಿನದು ಅಂಕಿಗಳ ಕೆಲಸ. ಹುಡುಗಿ ಆರು ಅಂಕಿ ಕೊಟ್ಟಳು. ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಚೆಲುವು, ಈ ಆರಕ್ಕೆ ಅವನ್ನು ಹಂಚಬೇಕು. ಇದು ನನ್ನ ವಿಷಯ. ಎಲ್ಲಕ್ಕಿಂತ ದೊಡ್ಡ ಅಂಕಿ ಶಕ್ತಿಗೆ ಹಾಕಿದೆ. ಎರಡನೆಯದು ತಾಳಿಕೆಗೆ. ತಾಳಿಕೆಗೆ ಹೊಸದಾಗಿ ಹಾಕುವ ಅಗತ್ಯವೇನೂ ಇರಲಿಲ್ಲ, ಮೊದಲೇ ಬೇಕಾದಷ್ಟಿತ್ತು, ಆದರೂ ಹಾಕಿದೆ. ಎಲ್ಲಕ್ಕಿಂತ ಸಣ್ಣದನ್ನು ಚೆಲುವಿಗೆ ಬಿಸಾಕಿದೆ.

ಆಗ ಇಡೀ ಪಡಸಾಲೆ ನನ್ನ ಡ್ರ್ಯಾಗನ್ನಿನ ಮೇಲೆ ಮುಗಿಬಿತ್ತು. ಹೆಣ್ಣಾಗಿ ಚೆಲುವಿಗೆ ಇಷ್ಟು ಕಡಿಮೆ ಇದ್ದರೆ ಹೇಗೆ ಎಂದು ಅತ್ತೆ. ಇಷ್ಟು ದೊಡ್ಡ ಮೈಯಾದರೆ ತಿನ್ನುವುದಕ್ಕೆ ಎಷ್ಟು ಬೇಕಾದೀತು ಎಂದು ಬೀಗರು. "ಬುದ್ಧಿಗೆ ಕಮ್ಮಿ ಹಾಕೀಯಲ್ಲ?" ಎಂದು ನನ್ನ ಗಂಡ. ಹೊಡೆದಾಡುವವರಿಗೆ ಬುದ್ಧಿ ಅಷ್ಟು ಬೇಕಾಗುವುದಿಲ್ಲ ಎನ್ನಲು ಬಾಯಿ ತೆರೆದೆ. ಎದುರಿಗೆ ಪೈಲ್ವಾನರ ಪಾದ ಕಾಣಿಸಿತು. ತೆರೆದ ಬಾಯಿಯನ್ನು ಆಕಳಿಕೆ ಮಾಡಿ ಮುಚ್ಚಿದೆ.

ಭಾವ ಮಾತ್ರ ಗಂಭೀರವಾಗಿ ಯೋಚಿಸುತ್ತಿದ್ದರು. ಕಡೆಗೆ ಮಗಳಿಗೆ ಹೇಳಿದರು, "ನಿಮ್ಮ ಕಾಕೂಗ ಹೇಳು, ತೋಳಿನಾಗ ಜೋರು ಇದ್ರ ಸಾಲೂದಿಲ್ಲ, ತೊಡಿ ಗಟ್ಟಿ ಇರ್ಬೇಕು. ಕಾಲ ಕಿತ್ತ ಮ್ಯಾಲ ಕೈ ಏನ್ ಮಾಡ್ತಾವ?"

"ಆಗಲಿ ಅಂತ ಹೇಳು" ಎಂದೆ ನಾನು ಹುಡುಗಿಗೆ. ಅವಳು ನಮ್ಮಿಬ್ಬರ ನಡುವೆ ಕೂತಿದ್ದಳು. ಹೇಳುವ ಅಗತ್ಯವಿರಲಿಲ್ಲ, ಆದರೂ ಹೇಳಿದಳು.

ಆಯುಧಕ್ಕೆ ಎರಡು ಕೈಯಿಂದ ಎತ್ತುವ ಕೊಡಲಿ ಬೇಡವೆಂದು, ಕಬ್ಬು ಕಡಿಯುವ ಕೊಯ್ತಾ ಆರಿಸಿದೆ, ಆಳೆತ್ತರದ್ದು. ಹುಡುಗಿ ಅದನ್ನೂ ಚಿತ್ರದಲ್ಲಿ ಬರೆದಳು. ಚಿತ್ರ ಬಹಳ ಚೆನ್ನಾಗಿತ್ತು. ಹಸಿರು ಹುರುಪೆ, ಬಾಗಿದ ಕೋಡು, ಕೈಯಲ್ಲಿ ಮಿಂಚುವ ಕೊಯ್ತಾ. ನನಗೆ ಅದನ್ನು ನೋಡಿ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಅತ್ತೆ ಮತ್ತೆ ಕನ್ನಡಕ ಹಾಕಿಕೊಂಡರು.

"ಕೊಳ್ಳಾಗ ಏನೂ ಇಲ್ಲಲ್ಲ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಕಣ್ಣಲ್ಲೇ ಬರಿ ಎಂದೆ. ಅವಳು ಡ್ರ್ಯಾಗನ್ನಿನ ಕೊರಳಿಗೆ ತಾಳಿ ಬರೆದಳು.

"ತಲಿಮ್ಯಾಲ?"

"ತಲಿಮ್ಯಾಲ ಕೋಡ ಅದಾವ ಆಯಿ."

"ಇದ್ರ ಇರ್ಲಿ. ದೊಡ್ಡವರ ಜೋಡಿ ಹೊಂಟಾಳ ಅಂತಿ. ಬರೇ ತಲೀಲೆ ಹೋಗ್ತಾಳೇನು?"

ಹೀಗೆ ನನ್ನ ಡ್ರ್ಯಾಗನ್ ತಯಾರಾಯಿತು. ಕೋಡಿನ ಮೇಲೆ ಸೆರಗು, ಕೊರಳಲ್ಲಿ ತಾಳಿ, ಕೈಯಲ್ಲಿ ಕೊಯ್ತಾ, ಬಾಯಲ್ಲಿ ವಿಷ. ನಮ್ಮ ತಾಲೂಕಿನ ಅರ್ಧ ಹೆಂಗಸರು ಹೀಗೇ ಇದ್ದಾರೆ ಎಂದು ನನಗೆ ಆಗ ಅನಿಸಿತು.

ಹುಡುಗಿ ರಂಗೋಲಿ ಪುಡಿಯಿಂದ ಪಡಸಾಲೆಯ ನೆಲದ ಮೇಲೆ ಚೌಕಗಳನ್ನು ಹಾಕಿ ದಾರಿ, ಗಿಡ, ಹೊಳೆ ಬರೆದಳು. ಪಾತ್ರಗಳಿಗೆ ಗುರುತು ಬೇಕಿತ್ತು. ಭಾವ ಹಿತ್ತಾಳೆಯ ಅಡಕತ್ತರಿ ಇಟ್ಟರು. ಬೀಗರು ಸುಣ್ಣದ ಡಬ್ಬಿ ಇಟ್ಟರು. ನನ್ನ ಗಂಡ ಮೋಟರ್‌ಸೈಕಲ್ಲಿನ ಕೀಲಿ ಇಟ್ಟರು. ನಾನು ಅಡುಗೆಮನೆಯಿಂದ ಒಂದು ಹಸಿಮೆಣಸಿನಕಾಯಿ ತಂದು ಇಟ್ಟೆ.

ಎಲ್ಲಿ ಇಟ್ಟೆ ಎಂಬುದೇ ಮೊದಲ ತಕರಾರು. ನಾನು ಸಾಲಿನ ತುದಿಯಲ್ಲಿ, ಅಡಕತ್ತರಿಯ ಮುಂದೆ ಇಟ್ಟಿದ್ದೆ. ಯಾರೂ ಬೈಯಲಿಲ್ಲ. ಭಾವ ಕೆಮ್ಮಿದರು, ಅಷ್ಟೇ. ನನ್ನ ಗಂಡ ಕೈ ಚಾಚಿ ಮೆಣಸಿನಕಾಯಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಆಮೇಲೆ ಬೀಗರಿಗೆ ದಾರಿ ಬಿಡಬೇಕೆಂದು ಇನ್ನೂ ಒಂದು ಚೌಕ ಹಿಂದಕ್ಕೆ. ತಮಗೂ ಒಂದು ಜಾಗ ಬೇಕಲ್ಲ, ಮತ್ತೊಂದು ಚೌಕ ಹಿಂದಕ್ಕೆ. ಎದುರಾ ಎದುರು ಹೊಡೆಯಲೆಂದೇ ಲೆಕ್ಕ ಹಾಕಿ ಕಟ್ಟಿದ ನನ್ನ ಡ್ರ್ಯಾಗನ್ ಮೆರವಣಿಗೆಯ ಬಾಲದಲ್ಲಿ ಹೊರಟಿತು. ಬುತ್ತಿಗಂಟು ಯಾರು ಹೊರುತ್ತಾರೆ ಎಂದು ಹುಡುಗಿ ಕೇಳಿದಾಗ ಮೂವರೂ ಮೆಣಸಿನಕಾಯಿಯನ್ನು ನೋಡಿದರು.

ಮೊದಲ ದಿನ ನಾನು ಒಂದೇ ಒಂದು ಪೆಟ್ಟು ಹೊಡೆಯಲಿಲ್ಲ. ಕಾಡಿನಲ್ಲಿ ತೋಳಗಳು ಬಂದಾಗ ನನ್ನ ಪಾಳಿ ಬರುವಷ್ಟರಲ್ಲಿ ಬೀಗರಿಗೆ ಚಹಾ ಬೇಕಾಯಿತು. ಚಹಾ ತರುವಷ್ಟರಲ್ಲಿ ತೋಳ ಮುಗಿದಿದ್ದವು. ಕಳ್ಳರು ಬಂದಾಗ ಕುಕ್ಕರಿನ ಸೀಟಿ ಕೂಗಿತು. ಹುಡುಗಿ ಪಾಪ, ಕತೆಯನ್ನು ಎಳೆದೆಳೆದು ಕಾದಳು. "ಡ್ರ್ಯಾಗನ್ ಎಲ್ಲಿ?" ಎಂದು ಕಳ್ಳರ ನಾಯಕನ ಬಾಯಲ್ಲೇ ಕೇಳಿಸಿದಳು. "ಅಕಿ ಒಳಗ ಅದಾಳ, ಬರ್ತಾಳ" ಎಂದು ನನ್ನ ಗಂಡ ಕಳ್ಳರ ನಾಯಕನಿಗೆ ಸಮಾಧಾನ ಹೇಳಿದರು.

ಮರುದಿನ ನಾನು ಬೇಗ ಎದ್ದು ಮಧ್ಯಾಹ್ನದೊಳಗೆ ಎಲ್ಲ ಕೆಲಸ ಮುಗಿಸಿದೆ. ಎರಡು ಥರ್ಮಾಸಿನ ತುಂಬ ಚಹಾ ಮಾಡಿ ಪಡಸಾಲೆಯ ನಡುವೆ ಇಟ್ಟೆ. ಇನ್ನು ನನ್ನನ್ನು ಎಬ್ಬಿಸಲು ಸ್ವತಃ ಹೊಳೆಯೇ ಒಳಗೆ ಬರಬೇಕು ಎಂದುಕೊಂಡು ಹೊಸ್ತಿಲಲ್ಲಿ ಗಟ್ಟಿಯಾಗಿ ಕೂತೆ.

ಅಂದು ಕತೆ ಒಂದು ಕಲ್ಲಿನ ಸೇತುವೆಗೆ ಬಂತು. ಸೇತುವೆ ದಾಟಿದರೆ ಆಟ ಗೆದ್ದಂತೆ. ಆದರೆ ಈ ತುದಿಯಲ್ಲಿ ಒಬ್ಬ ರಾಕ್ಷಸ, ನಡುವೆ ಇನ್ನಿಬ್ಬರು. ದಾಟುವವರ ಕಡೆಯಿಂದ ಸುಂಕ ವಸೂಲಿ ಮಾಡುತ್ತಾರಂತೆ. "ಟೋಲ್ ನಾಕಾದವರು" ಎಂದು ಬೀಗರು ಗುರುತು ಹಿಡಿದು, ತಾವು ಮಾತಾಡಿ ಬಗೆಹರಿಸುವುದಾಗಿ ಮುಂದೆ ಹೋದರು. ತಾವು ಸ್ಥಳೀಯರು, ಸ್ಥಳೀಯರಿಗೆ ಸುಂಕವಿಲ್ಲ ಎಂದು ರಾಕ್ಷಸನಿಗೆ ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿದರು. ರಾಕ್ಷಸ ಎರಡೂ ಭಾಷೆ ಕೇಳಿಸಿಕೊಂಡು ಅವರನ್ನು ಎತ್ತಿ ಪೊದೆಯೊಳಕ್ಕೆ ಎಸೆದ. ಸುಣ್ಣದ ಡಬ್ಬಿ ಜಮಖಾನದಾಚೆ ಉರುಳಿತು. ನನ್ನ ಗಂಡ ಗುರಿ ಚೆನ್ನಾಗಿ ಸಿಗುತ್ತದೆಂದು ಹೇಳಿ ಮರ ಹತ್ತಿದರು.

ಉಳಿದವರು ಭಾವ ಮತ್ತು ನಾನು. ಸೇತುವೆ ಒಬ್ಬರು ನಡೆಯುವಷ್ಟೇ ಅಗಲ. ಮುಂದೆ ಅಡಕತ್ತರಿ, ಅದರ ಬೆನ್ನಿಗೆ ಮೆಣಸಿನಕಾಯಿ.

ಭಾವ ಆಯುಧ ಮುಟ್ಟಲೇ ಇಲ್ಲ. ಎರಡೂ ಕೈ ತೊಡೆಗೆ ತಟ್ಟಿ ರಾಕ್ಷಸನ ಸೊಂಟ ಹಿಡಿದರು. ದಾಳ ಹಾಕಿದರು, ದೊಡ್ಡ ಅಂಕಿ ಬಿತ್ತು. ಮತ್ತೆ ಹಾಕಿದರು, ಇನ್ನೂ ದೊಡ್ಡದು ಬಿತ್ತು. ರಾಕ್ಷಸ ಮಗುಚಿ ಅಂಗಾತ ಬಿದ್ದ.

"ಚಿತ್!" ಎಂದು ಕೂಗಿದರು ಭಾವ. ನಿಜವಾಗಿಯೂ ಎದ್ದು ನಿಂತರು, ಬಲಗೈ ಮೇಲೆತ್ತಿದರು, ಪಡಸಾಲೆಯ ಸುತ್ತ ನಡೆಯತೊಡಗಿದರು. ಕುಸ್ತಿಯ ಕಣದಲ್ಲಿ ಗೆದ್ದವರು ಹಾಗೆ ಸುತ್ತು ಹಾಕುತ್ತಾರೆ, ಜನ ಇನಾಮು ಕೊಡುತ್ತಾರೆ. ಬೀಗರು ಪೊದೆಯಲ್ಲಿದ್ದವರು ಅದನ್ನು ಮರೆತು "ಶಾಬ್ಬಾಸ್!" ಎಂದು ಚಪ್ಪಾಳೆ ತಟ್ಟಿದರು.

"ಅಪ್ಪಾ, ಅಂವ ಇನ್ನಾ ಸತ್ತಿಲ್ಲ" ಎಂದಳು ಹುಡುಗಿ.

"ಸಾಯೂದು ಯಾಕ? ಎರಡೂ ಭುಜ ಮಣ್ಣಿಗೆ ಹತ್ಯಾವ. ಕುಸ್ತಿ ಮುಗೀತು."

"ಇದು ಕುಸ್ತಿ ಅಲ್ಲಪ್ಪಾ."

"ಬಿದ್ದಾಂವನ್ನ ಹೊಡ್ಯೂದು ಗಂಡಸ್ತನ ಅಲ್ಲ" ಎಂದು ಭಾವ ಮೀಸೆ ಸವರಿಕೊಂಡು ಮತ್ತೊಂದು ಸುತ್ತು ಹೊರಟರು. ಆ ಮಾತು ಕೇಳಿ ನನಗೆ ಅವರ ಬಗ್ಗೆ ಗೌರವವೂ ಬಂತು, ತಲೆ ಚಚ್ಚಿಕೊಳ್ಳಬೇಕೆಂದೂ ಅನಿಸಿತು.

ಹುಡುಗಿ ನಿಟ್ಟುಸಿರು ಬಿಟ್ಟು ಕತೆ ಮುಂದುವರಿಸಿದಳು. ಮಲ್ಲ ರಾಕ್ಷಸನಿಗೆ ಬೆನ್ನು ಹಾಕಿ ಕೈಯೆತ್ತಿ ನಿಂತಿದ್ದಾನೆ. ಹಿಂದೆ ರಾಕ್ಷಸ ಎದ್ದು ಕೂತಿದ್ದಾನೆ, ಬಿದ್ದ ಗದೆಯನ್ನು ತಡಕುತ್ತಿದ್ದಾನೆ. ನಡುವಿನ ಇಬ್ಬರೂ ಈ ಕಡೆ ಓಡಿ ಬರುತ್ತಿದ್ದಾರೆ. "ಅಂವ ಏಳೂದರಾಗ ಒಂದು ಪಾಳಿ ಐತಿ. ಅದು ಡ್ರ್ಯಾಗನ್ನಿಂದು."

ಕೊನೆಗೂ ನನ್ನ ಪಾಳಿ ಬಂದಿತ್ತು. ಲೆಕ್ಕ ಸರಳವಾಗಿತ್ತು. ಕೊಯ್ತಾ ಅಲ್ಲಿಯವರೆಗೆ ಮುಟ್ಟುವುದಿಲ್ಲ, ಭಾವನನ್ನು ದಾಟಿ ಹೋಗಲು ಜಾಗವಿಲ್ಲ. ಉಳಿದದ್ದು ಹೊಗೆ. ಹೊಗೆ ನೆಟ್ಟಗೆ ಹೋಗುತ್ತದೆ, ನಡುವೆ ಭಾವ. ಅವರು ಬಗ್ಗಿದರೆ ತಲೆಯ ಮೇಲೆ ಹಾದುಹೋಗುತ್ತದೆ ಎಂದು ಹುಡುಗಿ ಒಪ್ಪಿದಳು.

"ಹಂಗಾರ ನಿಮ್ಮಪ್ಪಾರಿಗೆ ಹೇಳು, ಬಗ್ಗರಿ ಅಂತ" ಎಂದೆ.

ಹುಡುಗಿ ತಲೆಯಾಡಿಸಿದಳು. "ನಾ ಹ್ಯಾಂಗ ಹೇಳ್ಲಿ ಕಾಕೂ? ನಾ ಈಗ ರಾಕ್ಷಸ ಅದೇನಿ. ನನ್ನ ಹೊಡ್ಯಾಕ ನಾನಽ ಹೇಳ್ಲೇನು?"

ಗಂಡನ ಕಡೆ ನೋಡಿದೆ. ಅವರು ಮರದ ಮೇಲಿದ್ದರು, ಅಲ್ಲಿಗೆ ಕೇಳಿಸುವುದಿಲ್ಲವಂತೆ. ಬೀಗರಿಗೆ ಪೊದೆಯಲ್ಲಿ ಪ್ರಜ್ಞೆಯಿಲ್ಲ. ಅತ್ತೆ ಆಟದಲ್ಲೇ ಇಲ್ಲ. ಬೆಕ್ಕು ಒಲೆಯ ಪಕ್ಕ ಮಲಗಿತ್ತು. ರಾಕ್ಷಸನ ಕೈಗೆ ಗದೆ ಸಿಕ್ಕಿತು ಎಂದಳು ಹುಡುಗಿ.

ನಾನು ಎದ್ದು ನಿಂತೆ. ಸೆರಗು ಜಾರಿತು, ಎಳೆದುಕೊಳ್ಳಲು ಕೈ ಹೋಗಲಿಲ್ಲ. ವರಾಂಡದ ಆ ತುದಿಗೆ ಮುಟ್ಟುವ ನನ್ನ ಶಾಲೆಯ ದನಿ ಆ ಮನೆಯೊಳಗೆ ಮೊದಲ ಸಲ ಹೊರಬಿತ್ತು.

"ಭಾವಾರಽ, ಬಗ್ಗರಿ!"

ಮಳೆಯೊಂದನ್ನು ಬಿಟ್ಟು ಎಲ್ಲ ನಿಂತಿತು. ಭಾವ ಬಗ್ಗಲಿಲ್ಲ. ಬಗ್ಗುವುದಿರಲಿ, ಇನ್ನೂ ನೆಟ್ಟಗಾದರು, ಇಡೀ ಮೈ ತಿರುಗಿಸಿ ನನ್ನನ್ನು ನೋಡಿದರು. ನಾನೂ ಅವರನ್ನು ನೋಡಿದೆ. ಎಡಗಿವಿ ಮುದುಡಿತ್ತು, ಹುಬ್ಬಿನ ಮೇಲೆ ಹಳೆಯ ಗಾಯದ ಗುರುತಿತ್ತು, ಬಾಯಿ ಅರ್ಧ ತೆರೆದಿತ್ತು. ಅಷ್ಟು ವರ್ಷ ಬೆಕ್ಕಿನ ಮೂಲಕ ಬರುತ್ತಿದ್ದ ಮಾತು ಇದ್ದಕ್ಕಿದ್ದಂತೆ ನೇರವಾಗಿ ಬಂದದ್ದಕ್ಕೆ ಮನುಷ್ಯ ದಂಗಾಗಿದ್ದರು.

"ನಿಂತಽ ಅದಾರ ಕಾಕೂ" ಎಂದಳು ಹುಡುಗಿ ಮೆಲ್ಲಗೆ. "ಏನ್ ಮಾಡ್ತೀರಿ?"

ಊದದಿದ್ದರೆ ರಾಕ್ಷಸ ಭಾವನ ತಲೆ ಒಡೆಯುತ್ತಾನೆ, ಮೂವರೂ ಸೇರಿ ನಮ್ಮನ್ನೆಲ್ಲ ಮುಗಿಸುತ್ತಾರೆ. ಊದಿದರೆ ಭಾವನೂ ಹೊಗೆಯೊಳಗೆ. ಮೂರನೆಯ ದಾರಿ ಇರಲಿಲ್ಲ. ದಾಳವನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದೆ. ರಂಗೋಲಿಯ ಮೇಲಿನ ಒಂದು ಮೆಣಸಿನಕಾಯಿಗಾಗಿ ಇಷ್ಟು ಭಯವೇ ಎಂದು ಈಗ ನಗು ಬರುತ್ತದೆ. ಆಗ ಬರಲಿಲ್ಲ.

"ಊದತೇನಿ" ಎಂದೆ.

ದಾಳ ಹಾಕಿದೆ. ರಾಕ್ಷಸ ಕೆಮ್ಮಿ ಕೆಮ್ಮಿ ಹೊಳೆಗೆ ಬಿದ್ದು ಸತ್ತ. ಭಾವನೂ ಬಿದ್ದರು. ಜಮಖಾನದ ಮೇಲೆ ನಿಜವಾಗಿಯೂ ಅಂಗಾತ ಮಲಗಿಬಿಟ್ಟರು. ಚಿತ್ ಆದವನು ಕೂತಿರಬಾರದು ಎಂಬುದು ಅವರ ನಿಯಮ. "ದೇವಾ, ಭಾವಗ ವಿಷಾ ಹಾಕಿದ್ಲಲ್ಲೋ!" ಎಂದರು ಅತ್ತೆ. ಹಸಿರು ಆರಿಸಿದ್ದು ಯಾರು ಎಂದು ನಾನು ಕೇಳಲಿಲ್ಲ.

"ಜೀವ ಹೋಗಿಲ್ಲ ಇನ್ನಾ" ಎಂದಳು ಹುಡುಗಿ. "ಯಾರರ ಹಂತ್ಯಾಕ ಹೋಗಿ ಪಟ್ಟಿ ಕಟ್ಟಬೇಕು, ದಾಳ ಸರಿ ಬಿದ್ರ ಉಳೀತಾನ. ಆದರ ಇನ್ನಿಬ್ಬರು ಬರಾಕತ್ತಾರ. ಸೇತುವಿ ಮ್ಯಾಲ ಯಾರೂ ಇಲ್ಲ."

ಎಲ್ಲರೂ ನನ್ನನ್ನು ನೋಡಿದರು. ಮರದ ಮೇಲಿನ ಗಂಡ ನೋಡಿದರು. ಪ್ರಜ್ಞೆ ತಪ್ಪಿದ್ದ ಬೀಗರು ಕಣ್ಣು ಬಿಟ್ಟು ನೋಡಿದರು. ಅತ್ತೆ, "ಏ ತಂಗಿ, ಹೋಗ ಲಗೂನ, ಜೀವ ಹೊಂಟೈತಿ ಮನಷ್ಯಾಂದು" ಎಂದರು. ಅವರಲ್ಲಿ ಯಾರಿಗೂ ನನ್ನನ್ನು ಹಿಂದಕ್ಕೆ ಕರೆಯುತ್ತಿದ್ದೇವೆ ಎಂಬ ಭಾವನೆ ಇರಲಿಲ್ಲ. ಗಾಯ ಇದ್ದಲ್ಲಿ ನಾನಿರಬೇಕು, ಅಷ್ಟೇ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತು. ಮೆಣಸಿನಕಾಯಿಯ ಮೇಲೆ ಆಗಲೇ ಕೈ ಇಟ್ಟಿದ್ದೆ, ಹಿಂದಕ್ಕೆ ಸರಿಸಲೆಂದು.

ಸರಿಸಲಿಲ್ಲ. ಮುಂದಿನ ಚೌಕದಲ್ಲಿ, ಅಡಕತ್ತರಿಯ ಆಚೆ, ಸೇತುವೆಯ ಮೇಲೆ ಇಟ್ಟೆ. ಅಲ್ಲಿಂದ ಮುಂದೆ ಯಾರ ಬೆನ್ನೂ ಕಾಣುತ್ತಿರಲಿಲ್ಲ.

"ಪಟ್ಟಿ ನಾ ಕಟ್ಟೂದಿಲ್ಲ. ನಾ ಇಲ್ಲಿಂದ ಸರಿದ್ರ ಅವರಿಬ್ಬರೂ ಬಂದು ಎಲ್ಲಾರನೂ ತುಳೀತಾರ. ಹಿಂದ ಇದ್ದವರು ನೋಡ್ರಿ" ಎಂದೆ.

ಹಿಂದೆ ಇದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಹೊರಡುವಾಗ ಯಾರೂ ಮದ್ದು ಕಲಿತಿರಲಿಲ್ಲ, ಮದ್ದಿನವಳು ಇದ್ದೇ ಇರುತ್ತಾಳೆ ಎಂದುಕೊಂಡಿದ್ದರು. ಕಡೆಗೆ ನನ್ನ ಗಂಡ ಮರದಿಂದ ಇಳಿದರು. ಕೀಲಿಯನ್ನು ಅಡಕತ್ತರಿಯ ಪಕ್ಕ ಇಟ್ಟು ನನ್ನನ್ನು ಕೇಳಿದರು, "ಪಟ್ಟಿ ಹ್ಯಾಂಗ ಕಟ್ಟೂದು?"

ಮದುವೆಯಾದ ಮೇಲೆ ಅವರು ನನ್ನನ್ನು 'ಹೇಗೆ' ಎಂದು ಕೇಳಿದ್ದು ಅದೇ ಮೊದಲು. 'ಎಲ್ಲಿದೆ' ಎಂದು ದಿನಾ ಕೇಳುತ್ತಾರೆ. "ಗಟ್ಟಿ ಒತ್ತಿ ಹಿಡೀರಿ ಮೊದಲ" ಎಂದಷ್ಟೇ ಹೇಳಿದೆ.

ಅವರ ಮೊದಲ ದಾಳ ತಪ್ಪಿತು. ಎರಡನೆಯದೂ ತಪ್ಪಿತು. ಇನ್ನೊಂದು ತಪ್ಪಿದರೆ ಭಾವ ಸತ್ತಂತೆ ಎಂದಳು ಹುಡುಗಿ, ಅವಳ ದನಿಯೂ ಸಣ್ಣಗಾಗಿತ್ತು. ರಾಕ್ಷಸರು ಎರಡು ಚೌಕ ದೂರದಲ್ಲಿದ್ದರು. ಅತ್ತೆ ಮತ್ತೆ "ತಂಗಿ" ಎಂದರು, ಈ ಸಲ ಅಳುವ ದನಿಯಲ್ಲಿ. ನನ್ನ ಕಾಲು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ನಾನು ಹೋಗಿಬಿಡುತ್ತಿದ್ದೆ, ಅದರಲ್ಲಿ ಅನುಮಾನವಿಲ್ಲ.

ಜಮಖಾನದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಭಾವ ಮಾತಾಡಿದರು. ಮಗಳಿಗಲ್ಲ, ಅತ್ತೆಗಲ್ಲ, ನನಗೆ.

"ಹಿಂದ ನೋಡಬ್ಯಾಡವಾ. ನಾ ನೋಡೇ ಹಿಂಗ ಬಿದ್ದೇನಿ. ನೀ ಹೊಡಿ."

ನಾನು ಕೊಯ್ತಾ ಎತ್ತಿದೆ ಎಂದು ಹೇಳಿ ಇಪ್ಪತ್ತು ಮುಖದ ದಾಳವನ್ನು ಕೈಗೆ ತೆಗೆದುಕೊಂಡೆ. ನನ್ನ ಬೆನ್ನ ಹಿಂದೆ ಗಂಡನ ದಾಳವೂ ಉರುಳಿತಂತೆ, ಅತ್ತೆ "ಉಳದಾ, ಉಳದಾ!" ಎಂದು ಕೂಗಿದರಂತೆ, ಬೀಗರು ಮತ್ತೆ ಚಪ್ಪಾಳೆ ತಟ್ಟಿದರಂತೆ. ಅದೆಲ್ಲ ನನಗೆ ಆಮೇಲೆ ಬೇರೆಯವರು ಹೇಳಿ ಗೊತ್ತಾದದ್ದು. ಆಗ ನಾನು ಸೇತುವೆಯ ಮೇಲಿದ್ದೆ.